ಕೆಲಸ ಗಡಿಯಾಚೆ, ಬಾಕಿ ಹಣ ಯಾರ ಕೈಯಲ್ಲಿ? ಸಣ್ಣ ಗುತ್ತಿಗೆದಾರರು ತಿಳಿದಿರಬೇಕಾದ ಸಂಗತಿಗಳು

ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಎಂಬ ಗಾದೆ ಸಾಲ ಕೊಟ್ಟವರನ್ನು ಕುರಿತು ಹುಟ್ಟಿದ್ದು. ಆದರೆ ಇಂದು ಆ ಗಾದೆಯ ಬಿಸಿಯನ್ನು ಹೆಚ್ಚು ಅನುಭವಿಸುತ್ತಿರುವವರು ಯಾರಿಗೂ ಸಾಲ ಕೊಡದ ಸಣ್ಣ ಗುತ್ತಿಗೆದಾರರು. ಗಾರೆ ಕೆಲಸ, ಟೈಲ್ಸ್, ಪೇಂಟಿಂಗ್, ವೈರಿಂಗ್, ಗ್ರಿಲ್ ಮತ್ತು ಶೆಡ್ ಕೆಲಸ ಹಿಡಿಯುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನು ಸಾಲ ತರುತ್ತಾರೆ, ಶನಿವಾರ ಬಂದರೆ ಆಳುಗಳಿಗೆ ಬಟವಾಡೆ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಬಿಲ್ಲಿನ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತಾರೆ. ಸಾಲವೆಂದು ಕೊಡದಿದ್ದರೂ ಅವರ ಶ್ರಮ ಮತ್ತು ಬಂಡವಾಳ ಇನ್ನೊಬ್ಬರ ಕೈಯಲ್ಲಿ ಬಡ್ಡಿಯಿಲ್ಲದ ಸಾಲವಾಗಿ ಕೂತಿರುತ್ತದೆ.

ಗಡಿ ಭಾಗದ ಕನ್ನಡಿಗರಿಗೆ ಈ ಕಷ್ಟ ಎರಡು ಪಟ್ಟು. ಹೊಸೂರಿನವರಿಗೆ ಬೆಂಗಳೂರಿನಲ್ಲಿ ಕೆಲಸ, ಮಂಜೇಶ್ವರ ಮತ್ತು ಕಾಸರಗೋಡಿನವರಿಗೆ ಮಂಗಳೂರಿನಲ್ಲಿ, ತಾಳವಾಡಿಯವರಿಗೆ ಚಾಮರಾಜನಗರದಲ್ಲಿ, ಅಕ್ಕಲಕೋಟೆ ಮತ್ತು ಜತ್ತದವರಿಗೆ ವಿಜಯಪುರದಲ್ಲಿ, ರಾಯದುರ್ಗದವರಿಗೆ ಬಳ್ಳಾರಿಯಲ್ಲಿ. ಹಣ ನಿಂತಾಗ ‘ಬೇರೆ ರಾಜ್ಯದಲ್ಲಿ ಯಾರು ಕೇಸು ಹಾಕಿ ಓಡಾಡುತ್ತಾರೆ’ ಎಂದು ಅನೇಕರು ಕೈಬಿಡುತ್ತಾರೆ. ಕೊಡಬೇಕಾದವರಿಗೂ ಈ ಹಿಂಜರಿಕೆ ಚೆನ್ನಾಗಿ ಗೊತ್ತಿರುತ್ತದೆ.

ಆದರೆ ಕಾನೂನು ಇಲ್ಲಿ ಜನ ತಿಳಿದುಕೊಂಡಷ್ಟು ದೂರದಲ್ಲಿಲ್ಲ. ಬಾಕಿ ವಸೂಲಿಯ ಎರಡು ಮುಖ್ಯ ದಾರಿಗಳಲ್ಲಿ ದೂರು ಕೊಡಬೇಕಾದ ಜಾಗ ಹಣ ಬರಬೇಕಾದವರ ಊರಿನ ಕಡೆಗೇ ಇದೆ. ಒಂದು, ಕಿರು ಮತ್ತು ಸಣ್ಣ ಉದ್ಯಮಗಳ ಕಾಯ್ದೆ. ಇನ್ನೊಂದು, ಚೆಕ್ ಬೌನ್ಸ್ ಕಾನೂನು. ಇವೆರಡರ ಫಲ ಸಿಗಬೇಕಾದರೆ ಕೆಲಸ ಹಿಡಿದ ದಿನದಿಂದಲೇ ಕಾಗದಪತ್ರ ಸರಿಯಾಗಿರಬೇಕು.

ಮೊದಲ ಕಾಗದವೇ ಮುಖ್ಯ

ಬಾಯಿಮಾತಿನ ಒಪ್ಪಂದವೂ 1872ರ ಭಾರತೀಯ ಕರಾರು ಕಾಯ್ದೆಯಡಿ ಒಪ್ಪಂದವೇ. ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ಐದಾರು ಪುಟಗಳ ಕರಾರು ಬೇಕೆಂದೇನೂ ಇಲ್ಲ. ಒಂದು ಹಾಳೆಯ ಕೆಲಸದ ಆದೇಶ ಸಾಕು. ಅದರಲ್ಲಿ ಈ ಕೆಳಗಿನ ವಿಷಯಗಳು ಇರಬೇಕು.

• ಯಾರು ಯಾರಿಗೆ ಕೆಲಸ ಮಾಡುತ್ತಿದ್ದಾರೆ, ಎರಡೂ ಕಡೆಯವರ ಪೂರ್ಣ ಹೆಸರು ಮತ್ತು ವಿಳಾಸ
• ಕೆಲಸ ಯಾವುದು, ಅಳತೆ ಎಷ್ಟು, ಚದರಡಿಗೆ ಅಥವಾ ಕಿಲೋಗೆ ದರ ಎಷ್ಟು
• ಸಾಮಾನು ಯಾರದು, ಕೂಲಿ ಯಾರದು
• ಮುಂಗಡ ಎಷ್ಟು, ಯಾವ ಹಂತ ಮುಗಿದಾಗ ಎಷ್ಟು ಕೊಡಬೇಕು
• ಬಿಲ್ ಕೊಟ್ಟ ಎಷ್ಟು ದಿನದೊಳಗೆ ಹಣ ಕೊಡಬೇಕು
• ಕೆಲಸದ ಜವಾಬ್ದಾರಿಗಾಗಿ ಹಣ ಹಿಡಿದಿಟ್ಟುಕೊಳ್ಳುವುದಾದರೆ ಎಷ್ಟು, ಯಾವ ತಾರೀಖಿಗೆ ವಾಪಸ್
• ಹೆಚ್ಚುವರಿ ಕೆಲಸ ಬಂದರೆ ದರ ಏನು, ಅದನ್ನು ಹೇಳಬೇಕಾದವರು ಯಾರು

ಇವುಗಳಲ್ಲಿ ಕೊನೆಯದು ಹೆಚ್ಚು ಜಗಳಕ್ಕೆ ಕಾರಣವಾಗುವಂಥದ್ದು. ‘ಹೇಗಿದ್ದರೂ ಆಳುಗಳು ಇದ್ದಾರೆ, ಈ ಗೋಡೆಗೂ ಒಂದು ಕೈ ಹಾಕಿಬಿಡಿ’ ಎಂದು ಮಾಲೀಕರು ಹೇಳುತ್ತಾರೆ, ಕೆಲಸ ಆಗುತ್ತದೆ, ಕೊನೆಗೆ ‘ಅದು ಲೆಕ್ಕದಲ್ಲೇ ಇತ್ತಲ್ಲ’ ಎಂಬ ಮಾತು ಬರುತ್ತದೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಪಡೆದವರು ಅದಕ್ಕೆ ಪ್ರತಿಫಲ ಕೊಡಬೇಕೆಂದು ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ಆದರೂ ಅಂದಿನ ಸಂಜೆಯೇ ‘ತಾವು ಇಂದು ಹೇಳಿದಂತೆ ಹಿಂದಿನ ಕಾಂಪೌಂಡ್ ಗೋಡೆಯ ಗಾರೆ ಕೆಲಸವನ್ನೂ ಅದೇ ದರದಲ್ಲಿ ಮಾಡುತ್ತಿದ್ದೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸುವುದು ನೂರು ವಾದಕ್ಕಿಂತ ಮೇಲು.

ಇಂಥ ಸಂದೇಶಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅದಕ್ಕೆ ಒಂದು ಪ್ರಮಾಣಪತ್ರ ಲಗತ್ತಿಸಬೇಕು. ಆದ್ದರಿಂದ ಫೋನ್ ಬದಲಿಸುವಾಗ ಹಳೆಯ ಸಂದೇಶಗಳನ್ನು ಅಳಿಸಬಾರದು. ಕೆಲಸದ ಮೊದಲು, ನಡುವೆ ಮತ್ತು ಕೊನೆಯಲ್ಲಿ ತೆಗೆದ ಫೋಟೋಗಳನ್ನೂ ಉಳಿಸಿಕೊಳ್ಳಬೇಕು.

ಭಾಷೆಯ ವಿಷಯವೂ ಇದೆ. ಹೊಸೂರಿನ ಗುತ್ತಿಗೆದಾರರಿಗೆ ತಮಿಳು ಮಾತನಾಡಲು ಬರುತ್ತದೆ, ಬರೆಯುವುದು ಕನ್ನಡದಲ್ಲಿ. ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು. ಕರಾರು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಆದರೆ ಸಹಿ ಹಾಕಿದ ಇಬ್ಬರಿಗೂ ಅದು ಅರ್ಥವಾಗಿರಬೇಕು. ನ್ಯಾಯಾಲಯದ ಭಾಷೆಯಲ್ಲಿಲ್ಲದ ದಾಖಲೆಗೆ ಅನುವಾದ ಒದಗಿಸಬೇಕಾಗುತ್ತದೆ. ಹಾಗಾಗಿ ಅಳತೆ, ದರ, ಮೊತ್ತ ಮತ್ತು ತಾರೀಖುಗಳನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ಬರೆದು, ಉಳಿದ ಒಕ್ಕಣೆಯನ್ನು ಎರಡು ಭಾಷೆಗಳಲ್ಲಿ ಕೊಡುವುದು ಒಳ್ಳೆಯದು.

ತಪ್ಪು ಬಿಲ್, ಸಿದ್ಧ ನೆಪ

ಹಣ ತಡೆಯುವವರಿಗೆ ಸುಲಭವಾಗಿ ಸಿಗುವ ನೆಪ ‘ಬಿಲ್ ಸರಿಯಿಲ್ಲ’ ಎಂಬುದು. ತಾರೀಖಿಲ್ಲದ, ಸಂಖ್ಯೆಯಿಲ್ಲದ, ಅಳತೆಯ ಪಟ್ಟಿಯಿಲ್ಲದ ಬಿಲ್ ಅಕೌಂಟೆಂಟ್ ಮೇಜಿನ ಮೇಲೆ ಉಳಿದುಬಿಡುತ್ತದೆ. ಕೆಲಸ ಪೂರ್ತಿ ಮುಗಿಯಲಿ ಎಂದು ಕಾಯದೆ, ಹಂತ ಹಂತವಾಗಿ ಬಿಲ್ ಕೊಡುವುದು ಜಾಣತನ. ಒಂದು ಹಂತದ ಹಣ ಬಾರದಿದ್ದರೆ ನಷ್ಟ ಆ ಹಂತಕ್ಕೇ ಸೀಮಿತ. ಬಿಲ್ ಕೊಟ್ಟದ್ದಕ್ಕೆ ಪ್ರತಿಯ ಮೇಲೆ ಸಹಿ, ಇಲ್ಲವೇ ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ದಾಖಲೆ ಇರಬೇಕು.

ಜಿಎಸ್‌ಟಿ ನೋಂದಣಿ ಇರುವವರು ಗಡಿ ದಾಟಿ ಕೆಲಸ ಮಾಡಿದಾಗ ಒಂದು ಅಂಶ ಗಮನಿಸಬೇಕು. ಕಟ್ಟಡದಂಥ ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆಗೆ ಆ ಆಸ್ತಿ ಇರುವ ರಾಜ್ಯವೇ ಪೂರೈಕೆಯ ಸ್ಥಳ. ತಮಿಳುನಾಡಿನಲ್ಲಿ ನೋಂದಣಿ ಮಾಡಿಸಿದವರು ಬೆಂಗಳೂರಿನ ಕಟ್ಟಡಕ್ಕೆ ಬಿಲ್ ಮಾಡಿದರೆ ಅದು ಅಂತರರಾಜ್ಯ ವ್ಯವಹಾರ. ಆಗ ಐಜಿಎಸ್‌ಟಿ ಹಾಕಬೇಕೇ ಹೊರತು ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಅಲ್ಲ. ಇದು ತಪ್ಪಿದರೆ ಬಿಲ್ ವಾಪಸ್ ಬರುತ್ತದೆ, ಮತ್ತೆ ಒಂದು ತಿಂಗಳು ಕಳೆಯುತ್ತದೆ.

ಹಣ ಕೈಸೇರದಿದ್ದರೂ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಸಾಮಾನ್ಯವಾಗಿ ಕಾಲಕ್ಕೆ ಸರಿಯಾಗಿ ಕಟ್ಟಲೇಬೇಕು. ಆದರೆ ಇದೇ ಕಾನೂನಿನಲ್ಲಿ ಗುತ್ತಿಗೆದಾರರಿಗೆ ಒಂದು ಹಿಡಿಕೆಯೂ ಇದೆ. ಬಿಲ್ಲಿನ ತಾರೀಖಿನಿಂದ 180 ದಿನಗಳೊಳಗೆ ಹಣ ಕೊಡದ ಸಂಸ್ಥೆ, ಆ ಬಿಲ್ಲಿನ ಮೇಲೆ ತಾನು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಆ ಜಮೆ ಅವರಿಗೆ ಮತ್ತೆ ಸಿಗುತ್ತದೆ. ಜ್ಞಾಪನಾ ಪತ್ರದಲ್ಲಿ ಇದನ್ನು ಒಂದು ಸಾಲಿನಲ್ಲಿ ನೆನಪಿಸುವುದು ತಪ್ಪಲ್ಲ.

ಮತ್ತೊಂದು ಗುರುತು ಟಿಡಿಎಸ್. ಸಂಸ್ಥೆಗಳು ಗುತ್ತಿಗೆ ಬಿಲ್ಲಿನಲ್ಲಿ ವ್ಯಕ್ತಿಗಳಿಗಾದರೆ ಶೇ.1ರಷ್ಟು ತೆರಿಗೆ ಮುರಿದುಕೊಳ್ಳುತ್ತವೆ. ಒಂದೇ ಬಿಲ್ 30,000 ರೂಪಾಯಿ ಅಥವಾ ವರ್ಷದ ಒಟ್ಟು ಮೊತ್ತ 1 ಲಕ್ಷ ರೂಪಾಯಿ ಮೀರಿದಾಗ ಇದು ಅನ್ವಯ. ಹಣ ಬಂದಿಲ್ಲ, ಆದರೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ತಮ್ಮ ಪ್ಯಾನ್ ಸಂಖ್ಯೆಗೆ ಆ ಬಿಲ್ಲಿನ ಟಿಡಿಎಸ್ ಜಮೆಯಾಗಿದೆ ಎಂದಾದರೆ, ಬಿಲ್ ಅವರ ಲೆಕ್ಕದಲ್ಲಿ ಸೇರಿದೆ ಎಂದೇ ಅರ್ಥ. ‘ಬಿಲ್ ಬಂದೇ ಇಲ್ಲ’ ಎನ್ನುವವರಿಗೆ ಇದು ತಕ್ಕ ಉತ್ತರ.

ಕೇಳುವ ಕ್ರಮ

ಬಾಕಿ ಕೇಳುವುದೆಂದರೆ ಅನೇಕರಿಗೆ ಸಂಕೋಚ. ಮುಂದಿನ ಕೆಲಸ ತಪ್ಪೀತು ಎಂಬ ಅಂಜಿಕೆ. ಆದ್ದರಿಂದ ಮೊದಲ ಎರಡು ತಿಂಗಳು ಸುಮ್ಮನಿದ್ದು, ಮೂರನೆಯ ತಿಂಗಳು ಅಂಗಡಿಯವರ ಒತ್ತಡ ತಾಳಲಾರದೆ ಮಾಲೀಕರ ಮನೆಬಾಗಿಲಲ್ಲಿ ಕೂಗಾಡುವುದು ನಡೆಯುತ್ತದೆ. ಇದರಿಂದ ಸಂಬಂಧವೂ ಹೋಗುತ್ತದೆ, ಹಣವೂ ಬರುವುದಿಲ್ಲ. ತಾರೀಖಿನ ಪ್ರಕಾರ ಕೇಳುವವರ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಅದು ಅವರ ಪದ್ಧತಿ ಎಂದು ಎದುರಿನವರೂ ಒಪ್ಪಿಕೊಳ್ಳುತ್ತಾರೆ.

ಬಿಲ್ ಕೊಟ್ಟ ಒಂದು ವಾರಕ್ಕೆ ಮೊದಲ ಸಂದೇಶ ಹೋಗಬೇಕು. ಅದು ಕೇವಲ ವಿಚಾರಣೆ. ‘ನಮಸ್ಕಾರ ಸರ್. ಇದೇ 5ರಂದು ಕೊಟ್ಟ 12ನೇ ನಂಬರಿನ ಬಿಲ್ ತಲುಪಿದೆಯೇ? ಅಳತೆಯಲ್ಲಾಗಲಿ ಕೆಲಸದಲ್ಲಾಗಲಿ ಏನಾದರೂ ಆಕ್ಷೇಪವಿದ್ದರೆ ತಿಳಿಸಿ, ಬಂದು ಸರಿಪಡಿಸುತ್ತೇವೆ.’ ಈ ಪ್ರಶ್ನೆಗೆ ಬೆಲೆ ಇದೆ. ಆಗ ಆಕ್ಷೇಪ ಹೇಳದವರು ಆರು ತಿಂಗಳ ನಂತರ ‘ಟೈಲ್ಸ್ ಸೊಟ್ಟಗಿದೆ’ ಎಂದರೆ ಆ ಮಾತಿಗೆ ತೂಕವಿರುವುದಿಲ್ಲ.

ಗಡುವು ದಾಟಿದ ಮರುದಿನ ಎರಡನೆಯದು. ಅದರಲ್ಲಿ ಮೊತ್ತ, ಗಡುವಿನ ತಾರೀಖು ಮತ್ತು ಬ್ಯಾಂಕ್ ಖಾತೆಯ ವಿವರ ಇರಲಿ. ಫೋನಿನಲ್ಲಿ ಮಾತಾಡಿದರೆ ಆ ಮಾತನ್ನು ಕೂಡಲೇ ಬರಹಕ್ಕೆ ಇಳಿಸಬೇಕು. ‘ಈಗ ಫೋನಿನಲ್ಲಿ ತಾವು ಹೇಳಿದಂತೆ 20ನೇ ತಾರೀಖಿಗೆ 40,000 ರೂಪಾಯಿ, ಉಳಿದದ್ದು ತಿಂಗಳ ಕೊನೆಗೆ ಎಂದು ಬರೆದುಕೊಂಡಿದ್ದೇವೆ.’

ಮೂರನೆಯದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ. ಇದುವರೆಗೆ ಬಂದ ಹಣ, ಬಾಕಿ ಹಣ, ಆಡಿದ ಮಾತುಗಳ ತಾರೀಖು, ಕೊನೆಯ ಗಡುವು. ಕೆಲಸ ಇನ್ನೂ ನಡೆಯುತ್ತಿದ್ದರೆ, ಹಣ ಬರುವವರೆಗೆ ಮುಂದಿನ ಹಂತ ನಿಲ್ಲಿಸುವುದಾಗಿ ಮೊದಲೇ ತಿಳಿಸಬೇಕು. ಹೇಳದೆ ಕೇಳದೆ ಆಳುಗಳನ್ನು ಕರೆದುಕೊಂಡು ಹೋದರೆ ‘ಅರ್ಧಕ್ಕೆ ಬಿಟ್ಟು ಹೋದರು’ ಎಂಬ ಅಪವಾದ ಗುತ್ತಿಗೆದಾರರ ತಲೆಗೇ ಬರುತ್ತದೆ.

ಮಾಡಬಾರದ ಕೆಲಸಗಳೂ ಇವೆ. ಹಾಕಿದ ಗ್ರಿಲ್ಲನ್ನೋ ಮೋಟಾರನ್ನೋ ಬಿಚ್ಚಿಕೊಂಡು ಬರುವುದು, ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಲೀಕರ ಫೋಟೋ ಹಾಕಿ ಮೋಸಗಾರ ಎನ್ನುವುದು, ಹತ್ತು ಜನರನ್ನು ಕಟ್ಟಿಕೊಂಡು ಮನೆಗೆ ನುಗ್ಗುವುದು ಇವೆಲ್ಲ ಬಾಕಿದಾರರನ್ನೇ ದೂರುದಾರರನ್ನಾಗಿ ಮಾಡುತ್ತವೆ. ಹಾಗೆಯೇ ಮಾಲೀಕರಿಂದ ಹಣ ಬಂದಿಲ್ಲ ಎಂಬುದು ಆಳುಗಳ ಕೂಲಿ ತಡೆಯಲು ಕಾನೂನು ಒಪ್ಪುವ ಕಾರಣವಲ್ಲ. ಅದಕ್ಕಾಗಿಯೇ ಮುಂಗಡದ ಮೊತ್ತ ಕನಿಷ್ಠ ಮೊದಲ ಹಂತದ ಕೂಲಿಗಾದರೂ ಸಾಲುವಂತಿರಬೇಕು.

45 ದಿನಗಳ ಕಾನೂನು

ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಬಂದದ್ದು 2006ರಲ್ಲಿ. ಸಾಮಾನು ಪೂರೈಸುವ ಅಥವಾ ಸೇವೆ ಒದಗಿಸುವ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹಣ ಯಾವಾಗ ಕೊಡಬೇಕೆಂದು ಇದರ 15ನೇ ಕಲಮು ಹೇಳುತ್ತದೆ. ಲಿಖಿತ ಒಪ್ಪಂದವಿದ್ದರೆ ಅದರಲ್ಲಿನ ತಾರೀಖಿಗೆ, ಆದರೆ ಕೆಲಸ ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಕರಾರಿನಲ್ಲಿ 90 ದಿನ ಎಂದು ಬರೆಸಿಕೊಂಡಿದ್ದರೂ 45ರ ಮೇಲಿನದು ನಿಲ್ಲುವುದಿಲ್ಲ. ಕೆಲಸ ಅಥವಾ ಸಾಮಾನು ಒಪ್ಪಿಸಿದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪಿಸದಿದ್ದರೆ, ಒಪ್ಪಿಸಿದ ದಿನವೇ ಒಪ್ಪಿಕೊಂಡ ದಿನ ಎಂದು ಲೆಕ್ಕ.

ಗಡುವು ದಾಟಿದರೆ ಬಡ್ಡಿ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಉದಾಹರಣೆಗೆ ಬ್ಯಾಂಕ್ ದರ ಶೇ.5.5 ಇದ್ದರೆ ಬಡ್ಡಿ ಶೇ.16.5. ಈ ಲೆಕ್ಕದಲ್ಲಿ 1 ಲಕ್ಷ ರೂಪಾಯಿ ಬಾಕಿಗೆ ಆರು ತಿಂಗಳಿಗೆ ಸುಮಾರು 8,500 ರೂಪಾಯಿ, ಒಂದು ವರ್ಷಕ್ಕೆ ಸುಮಾರು 17,800 ರೂಪಾಯಿ ಬಡ್ಡಿ ಆಗುತ್ತದೆ.

‘ಮೇಲಿನವರಿಂದ ನಮಗೇ ಬಿಲ್ ಆಗಿಲ್ಲ’ ಎಂಬುದು ದೊಡ್ಡ ಗುತ್ತಿಗೆದಾರರು ಉಪಗುತ್ತಿಗೆದಾರರಿಗೆ ಹೇಳುವ ಮಾಮೂಲು ಮಾತು. ಈ ಕಾಯ್ದೆಯಲ್ಲಿ ಖರೀದಿದಾರರೆಂದರೆ ಹಣಕ್ಕೆ ಪ್ರತಿಯಾಗಿ ಸಾಮಾನು ಅಥವಾ ಸೇವೆ ಪಡೆದ ಯಾರೇ ಆಗಿರಬಹುದು. ಉಪಗುತ್ತಿಗೆದಾರರಿಗೆ ಕೆಲಸ ಕೊಟ್ಟ ದೊಡ್ಡ ಗುತ್ತಿಗೆದಾರರೇ ಖರೀದಿದಾರರು. ಮೇಲಿನ ಹಣ ಬಂದಿಲ್ಲವೆಂದು 45 ದಿನಗಳ ಗಡುವು ಮುಂದಕ್ಕೆ ಹೋಗುವುದಿಲ್ಲ.

ಹಣ ಬಾರದಿದ್ದರೆ ದೂರು ಕೊಡಬೇಕಾದದ್ದು ರಾಜ್ಯ ಸರ್ಕಾರ ನೇಮಿಸಿದ ಕಿರು ಮತ್ತು ಸಣ್ಣ ಉದ್ಯಮಗಳ ನೆರವು ಮಂಡಳಿಗೆ. ಗಡಿಯವರು ಗಮನವಿಟ್ಟು ಓದಬೇಕಾದ ಮಾತು ಕಾಯ್ದೆಯ 18ನೇ ಕಲಮಿನಲ್ಲಿದೆ. ಪೂರೈಕೆದಾರರು ಇರುವ ಜಾಗದ ಮಂಡಳಿಗೆ, ಖರೀದಿದಾರರು ಭಾರತದ ಯಾವ ಮೂಲೆಯಲ್ಲಿದ್ದರೂ, ಆ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರವಿದೆ. ಹೊಸೂರಿನ ಗ್ರಿಲ್ ತಯಾರಕರಿಗೆ ಬೆಂಗಳೂರಿನ ಕಂಪನಿ ಹಣ ಕೊಡಬೇಕಿದ್ದರೆ ದೂರು ತಮಿಳುನಾಡಿನ ಮಂಡಳಿಗೆ. ಕಾಸರಗೋಡಿನವರಿಗೆ ಕೇರಳದ ಮಂಡಳಿ, ಅಕ್ಕಲಕೋಟೆಯವರಿಗೆ ಮಹಾರಾಷ್ಟ್ರದ್ದು, ಮಡಕಶಿರಾದವರಿಗೆ ಆಂಧ್ರಪ್ರದೇಶದ್ದು. ಉತ್ತರ ಕೊಡಲು ಬರಬೇಕಾದವರು ಆಚೆ ಕಡೆಯವರು.

ಅರ್ಜಿ ಆನ್‌ಲೈನ್‌ನಲ್ಲಿ. 2017ರಲ್ಲಿ ‘ಸಮಾಧಾನ್’ ಪೋರ್ಟಲ್ ಬಂತು. 2025ರ ಜೂನ್‌ನಲ್ಲಿ ಕೇಂದ್ರದ ಎಂಎಸ್‌ಎಂಇ ಸಚಿವಾಲಯ ಆನ್‌ಲೈನ್ ವ್ಯಾಜ್ಯ ಪರಿಹಾರಕ್ಕೆಂದೇ ಹೊಸ ಪೋರ್ಟಲ್ ಆರಂಭಿಸಿತು. ತಿಳಿಯದಿದ್ದವರು ತಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಮಂಡಳಿ ಮೊದಲು ರಾಜಿಗೆ ಯತ್ನಿಸುತ್ತದೆ, ಆಗದಿದ್ದರೆ ಪಂಚಾಯ್ತಿ ತೀರ್ಪಿಗೆ ಒಯ್ಯುತ್ತದೆ. ಕಾಯ್ದೆ 90 ದಿನಗಳ ಅವಧಿ ಹೇಳಿದ್ದರೂ ನಡೆಯುವಾಗ ಹೆಚ್ಚು ಕಾಲ ಹಿಡಿಯುವುದುಂಟು. ಆದರೆ ತೀರ್ಪಿನ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ಖರೀದಿದಾರರು ಮೊದಲು ತೀರ್ಪಿನ ಮೊತ್ತದ ಶೇ.75ರಷ್ಟನ್ನು ಠೇವಣಿ ಇಡಬೇಕು. ಸುಮ್ಮನೆ ಕಾಲ ತಳ್ಳಲು ಮೇಲ್ಮನವಿ ಹಾಕುವವರಿಗೆ ಇದು ತಡೆ.

ಇದಕ್ಕೆಲ್ಲ ಬಾಗಿಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿ ಸಂಪೂರ್ಣ ಉಚಿತ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಸಂಖ್ಯೆಯಿಂದ ಮಾಡಿಕೊಳ್ಳಬಹುದು. ಹಣ ಕೇಳುವ ಖಾಸಗಿ ಜಾಲತಾಣಗಳಿಂದ ದೂರವಿರಬೇಕು. 2025ರ ಏಪ್ರಿಲ್ 1ರಿಂದ ಯಂತ್ರ ಸಲಕರಣೆಗಳ ಹೂಡಿಕೆ 2.5 ಕೋಟಿ ರೂಪಾಯಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದವರು ಕಿರು ಉದ್ಯಮದ ವರ್ಗಕ್ಕೆ ಸೇರುತ್ತಾರೆ. ಅಂದರೆ ಊರಿನ ಬಹುಪಾಲು ಗುತ್ತಿಗೆದಾರರು ಇದರೊಳಗೇ ಬರುತ್ತಾರೆ.

ಆದರೆ ಎರಡು ಎಚ್ಚರಿಕೆಗಳಿವೆ. ಒಂದು, ನೋಂದಣಿ ಕೆಲಸ ಹಿಡಿಯುವ ಮೊದಲೇ ಆಗಿರಬೇಕು. ಕರಾರಿನ ನಂತರ ನೋಂದಣಿ ಮಾಡಿಸಿ ಹಿಂದಿನ ಬಾಕಿಗೆ ಈ ಕಾಯ್ದೆಯ ಲಾಭ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021 ಮತ್ತು 2022ರ ತೀರ್ಪುಗಳಲ್ಲಿ ಹೇಳಿತು. 2025ರ ಜನವರಿಯಲ್ಲಿ ಇದೇ ಪ್ರಶ್ನೆಯನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಈ ಗೊಂದಲದಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಮೊದಲೇ ನೋಂದಾಯಿಸುವುದು ಲೇಸು. ಎರಡು, ಸಾಮಾನು ಮತ್ತು ಕೂಲಿ ಎರಡೂ ಸೇರಿದ ಕಾಮಗಾರಿ ಗುತ್ತಿಗೆ ಈ ಕಾಯ್ದೆಗೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟ್ ಸೇರಿದಂತೆ ಕೆಲವು ಹೈಕೋರ್ಟುಗಳು ಹೇಳಿವೆ. ಗ್ರಿಲ್, ಬಾಗಿಲು, ಇಟ್ಟಿಗೆ ಪೂರೈಸುವವರಿಗೆ ಅಥವಾ ಬರೀ ಕೂಲಿ ಸೇವೆ ಕೊಡುವವರಿಗೆ ಈ ತೊಡಕಿಲ್ಲ. ಇಡೀ ಕಟ್ಟಡವನ್ನು ಸಾಮಾನು ಸಮೇತ ಗುತ್ತಿಗೆ ಹಿಡಿದವರು ಅರ್ಜಿಗೆ ಮುನ್ನ ವಕೀಲರನ್ನು ಕೇಳಬೇಕು.

ಇದೇ 45 ದಿನಗಳ ಲೆಕ್ಕಕ್ಕೆ ಆದಾಯ ತೆರಿಗೆಯೂ ಜೋಡಣೆಯಾಗಿದೆ. 2023ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಂತೆ, 2024ರ ಏಪ್ರಿಲ್ 1ರಿಂದ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ವಾಸ್ತವವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಎಂದು ತೋರಿಸಬಹುದು. ವರ್ಷಾಂತ್ಯದ ಮಾರ್ಚ್ ತಿಂಗಳಲ್ಲಿ ಬಾಕಿ ಇದ್ದರೆ ಕಂಪನಿಯ ತೆರಿಗೆ ಹೆಚ್ಚುತ್ತದೆ. ಆದ್ದರಿಂದ ಬಿಲ್ಲಿನ ಮೇಲೆಯೇ ಉದ್ಯಮ್ ಸಂಖ್ಯೆ ಮುದ್ರಿಸುವುದು ಉಪಯುಕ್ತ. ಅದನ್ನು ನೋಡಿದ ಅಕೌಂಟೆಂಟ್ ಆ ಬಿಲ್ಲನ್ನು ಮೊದಲು ತೆಗೆಯುವ ಸಂಭವ ಹೆಚ್ಚು.

ಚೆಕ್ ಕೈಯಲ್ಲಿದ್ದರೆ

‘ಒಂದೇ ಸಲ ಆಗುವುದಿಲ್ಲ, ಕಂತಿನಲ್ಲಿ ಕೊಡುತ್ತೇವೆ’ ಎಂದು ಬಾಕಿದಾರರು ಪ್ರಾಮಾಣಿಕವಾಗಿ ಹೇಳುವುದೂ ಉಂಟು. ಅದನ್ನು ಒಪ್ಪುವುದೇ ಸರಿ. ಆದರೆ ಒಟ್ಟು ಬಾಕಿ ಇಷ್ಟು ಎಂದು ಒಪ್ಪಿದ ಸಹಿಯ ಪತ್ರ, ಪ್ರತಿ ಕಂತಿಗೆ ತಾರೀಖು ಬರೆದ ಚೆಕ್ ತೆಗೆದುಕೊಳ್ಳಬೇಕು. ಅರ್ಧ ಹಣ ಕೈಗಿಟ್ಟು ‘ಲೆಕ್ಕ ಪೂರ್ತಿ ಚುಕ್ತಾ’ ಎಂದು ಬರೆದ ಕಾಗದಕ್ಕೆ ಸಹಿ ಕೇಳಿದರೆ ಹಾಕಬಾರದು. ‘ಬಾಕಿಗೆ ಜಮೆಯಾಗಿ ಇಷ್ಟು ಬಂದಿದೆ’ ಎಂದಷ್ಟೇ ರಸೀದಿ ಕೊಡಬೇಕು.

ಚೆಕ್ ವಾಪಸಾದರೆ ದಿನಗಳ ಲೆಕ್ಕ ಬಿಗಿ. ಚೆಕ್ಕಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ಹಣವಿಲ್ಲವೆಂಬ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ಮಾರ್ಚ್ 5ರಂದು ಮೆಮೊ ಬಂದರೆ ಏಪ್ರಿಲ್ 4 ಕೊನೆಯ ದಿನ. ನೋಟಿಸ್ ತಲುಪಿದ 15 ದಿನದೊಳಗೆ ಹಣ ಬಾರದಿದ್ದರೆ, ಅದರ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು. ಹಸ್ತಾಂತರ ಪತ್ರಗಳ ಕಾಯ್ದೆಯ 138ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ.

ಯಾವ ನ್ಯಾಯಾಲಯ ಎಂಬುದು ಗಡಿಯವರ ಮುಖ್ಯ ಪ್ರಶ್ನೆ. 2015ರ ತಿದ್ದುಪಡಿಯ ನಂತರ, ತಮ್ಮ ಖಾತೆಗೆ ಜಮೆ ಮಾಡಲು ಚೆಕ್ ಹಾಕಿದ್ದರೆ, ಆ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ದೂರು ಸಲ್ಲುತ್ತದೆ. ಬೆಂಗಳೂರಿನವರು ಕೊಟ್ಟ ಚೆಕ್ಕನ್ನು ಹೊಸೂರಿನ ಶಾಖೆಯ ಖಾತೆಗೆ ಹಾಕಿದ್ದರೆ ಪ್ರಕರಣ ಹೊಸೂರಿನ ಕಡೆಗೆ. ಕೆಲಸದ ಹಣವನ್ನು ಸ್ವಂತ ಊರಿನ ಶಾಖೆಯ ಖಾತೆಯಲ್ಲೇ ತೆಗೆದುಕೊಳ್ಳುವುದಕ್ಕೆ ಇದೊಂದು ಬಲವಾದ ಕಾರಣ.

ಉಳಿದ ದಾರಿಗಳು

ಚೆಕ್ಕೂ ಇಲ್ಲ, ಉದ್ಯಮ್ ನೋಂದಣಿಯೂ ಇರಲಿಲ್ಲ ಎಂದಾದರೆ ಸಿವಿಲ್ ದಾವೆ. ಇಲ್ಲಿ ಮಾತ್ರ ನಿಯಮ ಬೇರೆ. ಪ್ರತಿವಾದಿ ವಾಸಿಸುವ ಅಥವಾ ವ್ಯಾಜ್ಯದ ಕಾರಣ ಪೂರ್ತಿಯಾಗಿ ಇಲ್ಲವೇ ಭಾಗಶಃ ಹುಟ್ಟಿದ ಜಾಗದಲ್ಲಿ ದಾವೆ ಹೂಡಬೇಕು. ಲಿಖಿತ ಕರಾರಿನಲ್ಲಿ ಮೊತ್ತ ಖಚಿತವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಂತೆ ಸಂಕ್ಷಿಪ್ತ ದಾವೆ ಹೂಡಬಹುದು. ಅದರಲ್ಲಿ ಪ್ರತಿವಾದಿ ನ್ಯಾಯಾಲಯದ ಅನುಮತಿಯಿಲ್ಲದೆ ವಾದ ಬೆಳೆಸುವಂತಿಲ್ಲ. 3 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರ ಕೇಳದಿದ್ದರೆ, ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ.

ಕಡಿಮೆ ಮೊತ್ತದ ಬಾಕಿಗೆ ಹೆಚ್ಚು ಹೊಂದುವುದು ಲೋಕ ಅದಾಲತ್. ದಾವೆ ಹೂಡುವ ಮುನ್ನವೇ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಸಂಸ್ಥೆಗೆ ಅರ್ಜಿ ಕೊಡಬಹುದು, ನ್ಯಾಯಾಲಯ ಶುಲ್ಕವಿಲ್ಲ. ಇಬ್ಬರೂ ಒಪ್ಪಿದರೆ ಆಗುವ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ.

ಪಂಚಾಯಿತಿ ಅಥವಾ ಇಲಾಖೆಯ ಕೆಲಸದಲ್ಲಿ ಹಣ ನಿಂತಿದ್ದರೆ ಮೊದಲು ನೋಡಬೇಕಾದದ್ದು ಅಳತೆ ಪುಸ್ತಕ. ಅದರಲ್ಲಿ ನಮೂದಾಗದೆ ಬಿಲ್ ಮುಂದಕ್ಕೆ ಹೋಗುವುದಿಲ್ಲ. ಬಿಲ್ ಯಾವ ಮೇಜಿನಲ್ಲಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು.

ಎಲ್ಲಕ್ಕೂ ಮೇಲೆ ಮೂರು ವರ್ಷದ ಗಡಿ ಇದೆ. 1963ರ ಕಾಲಮಿತಿ ಕಾಯ್ದೆಯಂತೆ, ಹಣಕ್ಕೆ ಬೇರೆ ತಾರೀಖು ಗೊತ್ತುಮಾಡದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಬಾಕಿದಾರರು ಸಹಿ ಹಾಕಿ ಬಾಕಿ ಒಪ್ಪಿದರೆ, ಅಥವಾ ಬಾಕಿಗೆಂದು ಸ್ವಲ್ಪ ಹಣ ಕೊಟ್ಟು ಅದಕ್ಕೆ ಅವರ ಕೈಬರಹದ ಇಲ್ಲವೇ ಸಹಿಯ ದಾಖಲೆ ಇದ್ದರೆ, ಅಂದಿನಿಂದ ಮತ್ತೆ ಮೂರು ವರ್ಷ. ಬರೀ ಜ್ಞಾಪನಾ ಪತ್ರ ಕಳಿಸಿದರೆ ಅವಧಿ ಮುಂದಕ್ಕೆ ಹೋಗುವುದಿಲ್ಲ. ‘ನೋಡೋಣ, ಕೊಡುತ್ತಾರೆ’ ಎಂದು ಕಾದವರು ಎಡವುವುದು ಇಲ್ಲಿಯೇ.

ಹಣ ಕೊಡದವರೆಲ್ಲ ಕೆಟ್ಟವರಲ್ಲ. ಕೆಲವರಿಗೆ ನಿಜಕ್ಕೂ ಕಷ್ಟವಿರುತ್ತದೆ, ಅವರ ಜೊತೆ ಕೂತು ಕಂತು ಮಾತಾಡಬಹುದು. ಕೆಲವರು ಕೇಳದವರಿಗೆ ಕೊಡುವುದಿಲ್ಲ, ಅವರಿಗೆ ತಾರೀಖಿನ ಪತ್ರ ಸಾಕು. ಉಳಿದವರಿಗಷ್ಟೇ ಮಂಡಳಿ ಮತ್ತು ನ್ಯಾಯಾಲಯ. ಈಗಾಗಲೇ ಬಾಕಿ ಇರುವವರು ಮೊದಲು ಪ್ರತಿ ಬಿಲ್ಲಿನ ತಾರೀಖು ಬರೆದು, ಮೂರು ವರ್ಷಕ್ಕೆ ಎಷ್ಟು ದಿನ ಉಳಿದಿದೆ ಎಂದು ನೋಡಿಕೊಳ್ಳಬೇಕು. ಹೊಸ ಕೆಲಸ ಹಿಡಿಯುವವರು ಅದಕ್ಕೆ ಮುನ್ನ ಉದ್ಯಮ್ ನೋಂದಣಿ ಮುಗಿಸಿ, ಒಂದು ಹಾಳೆಯ ಕರಾರಿಗೆ ಸಹಿ ಮಾಡಿಸಿಕೊಂಡು ನಂತರವೇ ಆಳುಗಳನ್ನು ಗಡಿ ದಾಟಿಸಬೇಕು.